ಕೊಳ್ಳಿದೆವ್ವ, ಎದೆ ಮೇಲೆ ಕೂರುವ ನೆರಳು, ಸತ್ತವರ ಹೆಜ್ಜೆ ಸದ್ದು: ಇದೆಲ್ಲ ಕಣ್ಣು-ಕಿವಿಯ ಭ್ರಮೆ ಅಂದರೆ ಸಾಕಾ?

ಆಲೆಮನೆ (ಮಂಡ್ಯ)

ನಮ್ಮ ಕಡೆ ರಾತ್ರಿ ಹೊತ್ತು ನೀರು ಕಟ್ಟುವುದಕ್ಕೆ ಹುಡುಗರು ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟಿದ್ದಾರೆ. ತ್ರೀ ಫೇಸ್ ಕರೆಂಟ್ ಬರುವುದೇ ಸರಿರಾತ್ರಿಗೆ. ಮೋಟರ್ ಹಾಕಿ ಕಬ್ಬಿಗೆ ನೀರು ತಿರುಗಿಸಲೇಬೇಕು. ಆದರೆ ನಾಲೆ ಆಚೆ ಬೆಂಕಿ ಉಂಡೆ ಓಡಾಡುತ್ತಿದೆ, ಕೊಳ್ಳಿದೆವ್ವ ಬಂದಿದೆ ಅಂತ ಊರೆಲ್ಲ ಸುದ್ದಿ. ಅದನ್ನು ನೋಡಿದ ಒಬ್ಬ ಹುಡುಗನಿಗೆ ಜ್ವರ ಬಂತು. ಡಾಕ್ಟರ್ ಹತ್ತಿರ ಹೋಗುವ ಮೊದಲೇ ತಾಯತ ಕಟ್ಟಿಸಿದ್ದು, ತಡೆ ಒಡೆಸಿದ್ದು, ಕೋಳಿ ಕೊಟ್ಟಿದ್ದು ಎಲ್ಲಾ ಆಯಿತು. ಕೂಲಿ ಮಾಡಿ ಬದುಕುವ ಮನೆ ಅದು. ಸಾಲ ಮಾಡಿ ಕೊಟ್ಟರು.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಹುಡುಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ಏನೋ ಕಂಡಿದೆ, ಹೆದರಿದ್ದಾನೆ. ಆದರೆ ಅವನ ಕಣ್ಣಿಗೆ ಕಂಡಿದ್ದಕ್ಕೂ ಅಲ್ಲಿ ಇದ್ದಿದ್ದಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಅನಿಸುತ್ತದೆ. ಇದನ್ನು ಊರಲ್ಲಿ ಹೇಳೋಕೆ ಹೋದರೆ ಎರಡೇ ಉತ್ತರ ಬರುತ್ತದೆ. ಒಂದು, "ಎಲ್ಲಾ ಸುಳ್ಳು, ಹೋಗೋ ಅತ್ಲಾಗೆ." ಇನ್ನೊಂದು, "ನಿನಗೇನು ಗೊತ್ತು, ನೋಡಿದವರಿಗೆ ಗೊತ್ತು." ಎರಡರಿಂದಲೂ ಆ ಹುಡುಗನಿಗೆ ಉಪಯೋಗ ಇಲ್ಲ. ತಿಳಿದವರು ಬಿಡಿಸಿ ಹೇಳಿ. ಭ್ರಮೆ ಅನ್ನುವುದು ಎಷ್ಟರ ಮಟ್ಟಿಗೆ ಉತ್ತರ, ಎಲ್ಲಿ ಅದು ಸಾಲುವುದಿಲ್ಲ?

ಗಂಗೋತ್ರಿ_ಮೇಷ್ಟ್ರು (ಮೈಸೂರು)

ಆಲೆಮನೆ ಅವರೇ, ಒಳ್ಳೆಯ ಪ್ರಶ್ನೆ. ಮನಃಶಾಸ್ತ್ರ ಪಾಠ ಮಾಡಿಕೊಂಡು ಬಂದವನು ನಾನು. ಮೊದಲು ಬೆಳಕಿನ ವಿಷಯ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ರೂಮನ್ನು ಪೂರ್ತಿ ಕತ್ತಲೆ ಮಾಡಿ. ಕಿಟಕಿ ಸಂದಿಗೆ ಬಟ್ಟೆ ತುರುಕಿ, ಚಾರ್ಜರ್‌ನ ಸಣ್ಣ ದೀಪ ಕೂಡ ಇರಬಾರದು. ಒಂದು ಮೂಲೆಯಲ್ಲಿ ಊದುಬತ್ತಿ ಹಚ್ಚಿ ನಿಲ್ಲಿಸಿ. ಫ್ಯಾನ್ ಬೇಡ. ಎದುರು ಮೂಲೆಯಲ್ಲಿ ಕೂತು ಆ ಕೆಂಪು ಚುಕ್ಕೆಯನ್ನೇ ನೋಡುತ್ತಿರಿ. ಸ್ವಲ್ಪ ಹೊತ್ತಿಗೆ ಚುಕ್ಕೆ ಜರುಗಲು ಶುರು ಮಾಡುತ್ತದೆ. ಮೇಲೆ ಹೋಗುತ್ತದೆ, ಪಕ್ಕಕ್ಕೆ ವಾಲುತ್ತದೆ, ಕೆಲವರಿಗೆ ಗಿರಕಿ ಹೊಡೆದ ಹಾಗೂ ಕಾಣುತ್ತದೆ. ಲೈಟ್ ಹಾಕಿ ನೋಡಿದರೆ ಊದುಬತ್ತಿ ಇಟ್ಟ ಜಾಗದಲ್ಲೇ ಇರುತ್ತದೆ. ಇದಕ್ಕೆ ಆಟೋಕೈನೆಟಿಕ್ ಎಫೆಕ್ಟ್ ಅನ್ನುತ್ತಾರೆ. ಸುತ್ತ ಗೋಡೆ, ಮರ, ಕಂಬ ಏನೂ ಕಾಣದೆ ಇದ್ದಾಗ ಬೆಳಕು ಯಾವುದಕ್ಕೆ ಹೋಲಿಸಿದರೆ ನಿಂತಿದೆ ಅನ್ನುವುದು ಮೆದುಳಿಗೆ ಗೊತ್ತಾಗುವುದಿಲ್ಲ. ನಮ್ಮ ಕಣ್ಣುಗುಡ್ಡೆ ಯಾವಾಗಲೂ ಸಣ್ಣದಾಗಿ ಅಲ್ಲಾಡುತ್ತಲೇ ಇರುತ್ತದೆ. ಆ ಅಲುಗಾಟ ಬೆಳಕಿನದ್ದೇ ಅಂತ ಲೆಕ್ಕ ಆಗಿಬಿಡುತ್ತದೆ. ರಾತ್ರಿ ವಿಮಾನ ಓಡಿಸುವವರಿಗೆ ಈ ವಿಷಯವನ್ನು ತರಬೇತಿಯಲ್ಲೇ ಹೇಳಿಕೊಡುತ್ತಾರೆ.

ಕತ್ತಲ ರಾತ್ರಿ, ಕಬ್ಬಿನ ಗದ್ದೆ, ದೂರದಲ್ಲಿ ಒಂದೇ ಒಂದು ಬೆಳಕು. ಅದು ಪಂಪ್‌ಹೌಸ್ ಬಲ್ಬ್ ಇರಬಹುದು, ಯಾರೋ ಏಡಿ ಹಿಡಿಯುವವನ ಟಾರ್ಚ್ ಇರಬಹುದು, ಬೀಡಿ ಕಿಡಿ ಇರಬಹುದು. ಓಡಾಡಿದ ಹಾಗೆ ಕಂಡೇ ಕಾಣುತ್ತದೆ.

ಒಂದು ಮಾತು ಸೇರಿಸುತ್ತೇನೆ, ಇದು ನಮ್ಮೂರಿನ ಹೆಮ್ಮೆ. ಮಹಾರಾಜ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದವರೂ ಅವರೇ. ಇಂಥ ಪರೀಕ್ಷೆಗಳನ್ನು ಹಳ್ಳಿ ಶಾಲೆಗಳಲ್ಲಿ ಊದುಬತ್ತಿ ಇಟ್ಟುಕೊಂಡೇ ಮಾಡಿ ತೋರಿಸಬಹುದು. ಯಾಕೆ ಮಾಡುತ್ತಿಲ್ಲ ಅನ್ನುವುದು ನನಗೆ ನಿಜವಾಗಿ ಬೇಜಾರಿನ ವಿಷಯ.

ಕೆರೆಕೋಡಿ (ಮದ್ದೂರು)

ಮೇಷ್ಟ್ರೇ, ಒಬ್ಬ ನೋಡಿದರೆ ಕಣ್ಣಿನ ಮೋಸ ಅನ್ನಬಹುದು. ನಾವು ನಾಲ್ಕು ಜನ ಒಟ್ಟಿಗೆ ನೋಡಿದ್ದೇವೆ. ನಾಲ್ಕೂ ಜನಕ್ಕೆ ಅದು ಎಡಗಡೆಯಿಂದ ಬಲಗಡೆಗೆ, ಸುಮಾರು ಎರಡು ಗದ್ದೆ ದೂರ ಹೋಯಿತು. ಎಲ್ಲರೂ ಒಂದೇ ಮಾತು ಹೇಳಿದೆವು. ಆಮೇಲೆ ಬೈಕಿನಲ್ಲಿ ಏರಿ ಮೇಲೆ ಹೊರಟರೆ ಅದು ನಮ್ಮ ಜೊತೆಜೊತೆಗೇ ಬಂತು. ನಾಲ್ಕು ಜನರ ಕಣ್ಣೂ ಒಂದೇ ಥರ ಅಲ್ಲಾಡುತ್ತಾ?

ಗಂಗೋತ್ರಿ_ಮೇಷ್ಟ್ರು

ಕೆರೆಕೋಡಿ ಅವರೇ, ನಾಲ್ಕು ಜನರ ಕಣ್ಣು ಒಂದೇ ಥರ ಅಲ್ಲಾಡುವುದಿಲ್ಲ. ನೀವು ಕೇಳಿದ್ದು ಸರಿ. ಆದರೆ ಇದನ್ನೇ ಮುಜಾಫರ್ ಶೆರಿಫ್ ಅನ್ನುವ ಟರ್ಕಿ ಮೂಲದ ಮನಃಶಾಸ್ತ್ರಜ್ಞರು 1935ರಲ್ಲಿ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಕತ್ತಲ ಕೋಣೆ, ಅಲ್ಲಾಡದ ಒಂದು ಬೆಳಕಿನ ಚುಕ್ಕೆ. ಎಷ್ಟು ದೂರ ಜರುಗಿತು ಹೇಳಿ ಅಂತ ಕೇಳಿದರು. ಒಬ್ಬೊಬ್ಬರೇ ಕೂತಾಗ ಒಬ್ಬೊಬ್ಬರದು ಒಂದೊಂದು ಲೆಕ್ಕ. ಎರಡು ಮೂರು ಜನರನ್ನು ಒಟ್ಟಿಗೆ ಕೂರಿಸಿ ಜೋರಾಗಿ ಹೇಳಿಸಿದಾಗ ಎಲ್ಲರ ಉತ್ತರವೂ ಹತ್ತಿರ ಹತ್ತಿರ ಬರುತ್ತಾ ಹೋಯಿತು. ಆಮೇಲೆ ಮತ್ತೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೂ ಗುಂಪಿನಲ್ಲಿ ಬಂದ ಲೆಕ್ಕವನ್ನೇ ಹೇಳಿದರು. ಯಾರೂ ಬೇಕು ಅಂತ ಸುಳ್ಳು ಹೇಳಿದ್ದಲ್ಲ. ಬೆಳಕು ಒಂದು ಇಂಚೂ ಜರುಗಿರಲಿಲ್ಲ.

ಹಾಗಾಗಿ ನಿಮ್ಮನ್ನು ಒಂದೇ ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆವತ್ತು ನೋಡುತ್ತಿದ್ದಾಗ ಯಾರಾದರೂ "ನೋಡ್ರೋ ನೋಡ್ರೋ, ಬಲಗಡೆ ಹೋಯ್ತಾ ಇದೆ" ಅಂದರಾ? ಬೈಕ್ ಜೊತೆ ಬಂದಿದ್ದಕ್ಕೆ ಕಾರಣ ಇನ್ನೂ ಸುಲಭ. ದೂರದ ಬೆಳಕು ನಾವು ಸಾಗಿದರೂ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ, ಬಸ್ಸಿನಲ್ಲಿ ಹೋಗುವಾಗ ಚಂದ್ರ ಹಿಂದೆ ಬರುವ ಹಾಗೆ. ಅದು ಹತ್ತಿರ ಇದೆ ಅಂತ ನೀವು ಅಂದುಕೊಂಡಿದ್ದರೆ ಓಡುತ್ತಿದೆ ಅಂತಲೇ ಅನಿಸುತ್ತದೆ.

ಇನ್ನೊಂದು. ಕೊಳ್ಳಿದೆವ್ವ ಅಂದರೆ ಜವುಗಿನಿಂದ ಬರುವ ಮೀಥೇನ್ ಅಂತ ವಿಜ್ಞಾನದ ಹೆಸರಲ್ಲಿ ಎಲ್ಲರೂ ಹೇಳುತ್ತಾರೆ. ಮೀಥೇನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಕಿಡಿ ಬೇಕು. ಗೊತ್ತಿಲ್ಲದ್ದಕ್ಕೆ ದೆವ್ವ ಅನ್ನುವುದು ಹೇಗೆ ತಪ್ಪೋ, ನೋಡದೆ ಕೇಳದೆ ಮೀಥೇನ್ ಅನ್ನುವುದೂ ಹಾಗೇ ತಪ್ಪು.

ಕೆರೆಕೋಡಿ

ಹೌದು, ಒಬ್ಬ ಕೂಗಿದ. ಅವನು ಕೂಗಿದ ಮೇಲೇ ನಾವು ಮೂವರೂ ತಿರುಗಿ ನೋಡಿದ್ದು. ಬೆಳಕಿನ ವಿಷಯ ಒಪ್ಪಬಹುದು ಅನಿಸುತ್ತದೆ. ಆದರೆ ಎಲ್ಲವನ್ನೂ ಇದೇ ತಕ್ಕಡಿಗೆ ಹಾಕಬೇಡಿ ಮೇಷ್ಟ್ರೇ. ಹೇಳುವುದು ಇನ್ನೂ ಇದೆ.

ಪಿಜಿ_ರೂಮ್ (ಮೈಸೂರು)

ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಸರಸ್ವತಿಪುರಂನ ಒಂದು ಪಿಜಿಯಲ್ಲಿದ್ದೇನೆ. ಪರೀಕ್ಷೆ ಟೈಮ್, ಬೆಳಗಿನ ಜಾವ ಮಲಗುವುದು. ಮಲಗಿ ಸ್ವಲ್ಪ ಹೊತ್ತಿಗೆ ಎಚ್ಚರ ಆಗುತ್ತದೆ. ಕಣ್ಣು ಬಿಟ್ಟಿದ್ದೇನೆ, ಫ್ಯಾನ್ ಕಾಣುತ್ತದೆ, ಕಿಟಕಿಯಲ್ಲಿ ಒಣಹಾಕಿದ ದುಪಟ್ಟಾ ಕಾಣುತ್ತದೆ, ರೂಮ್‌ಮೇಟ್ ಗೊರಕೆ ಕೇಳುತ್ತದೆ. ಆದರೆ ಕಿರುಬೆರಳೂ ಆಡುವುದಿಲ್ಲ. ಕೂಗೋಣ ಅಂದರೆ ಗಂಟಲಿಂದ ಸದ್ದು ಬರುವುದಿಲ್ಲ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ, ಮುಖ ಇಲ್ಲ. ಅದು ಬಂದು ಎದೆ ಮೇಲೆ ಕೂರುತ್ತದೆ. ಹಾಸಿಗೆ ತಗ್ಗಿದ್ದು ಕೂಡ ಅನುಭವಕ್ಕೆ ಬರುತ್ತದೆ. ಉಸಿರು ಎಳೆಯೋಕೆ ಆಗುವುದಿಲ್ಲ. ಆಮೇಲೆ ತಟ್ಟನೆ ಬಿಟ್ಟುಹೋಗುತ್ತದೆ.

ಆ ರೂಮಿನಲ್ಲಿ ಹಿಂದೆ ಯಾರೋ ತೀರಿಕೊಂಡಿದ್ದರು ಅಂತ ಪಕ್ಕದ ರೂಮಿನವರು ಹೇಳಿದರು. ಅಮ್ಮ ಫೋನಿನಲ್ಲಿ ಅಳುತ್ತಾರೆ, ಓದು ಬಿಟ್ಟು ಊರಿಗೆ ಬಾ ಅನ್ನುತ್ತಾರೆ. ಇದು ಕನಸಂತೂ ಅಲ್ಲ. ನಾನು ಎಚ್ಚರವಾಗಿದ್ದೆ.

ನೈಟ್_ಡ್ಯೂಟಿ_ಸಿಸ್ಟರ್ (ಮೈಸೂರು)

ತಂಗಿ, ನೀನು ಎಚ್ಚರವಾಗಿದ್ದೆ, ಅದು ನಿಜ. ನಿನ್ನ ದೇಹ ಇನ್ನೂ ಪೂರ್ತಿ ಎದ್ದಿರಲಿಲ್ಲ. ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡ, ಲಕ್ವಾ ಹೊಡೆಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕನಸು ಬೀಳುವ ನಿದ್ದೆಯಲ್ಲಿ ಮೆದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಮಾಡಿ ತಡೆದಿಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದವರು ಹಾಸಿಗೆಯಿಂದಲೂ ಎದ್ದು ಓಡುತ್ತಿದ್ದರು. ಕೆಲವು ಸಲ ಎಚ್ಚರ ಮೊದಲು ಬರುತ್ತದೆ, ಆ ತಡೆ ಆಮೇಲೆ ಬಿಡುತ್ತದೆ. ಆ ಸಂದಿಯಲ್ಲಿ ಕನಸಿನ ತುಣುಕುಗಳು ಕಣ್ಣೆದುರಿನ ನಿಜವಾದ ರೂಮಿನ ಜೊತೆ ಬೆರೆತು ಕಾಣುತ್ತವೆ. ಅದಕ್ಕೇ ನಿನಗೆ ಫ್ಯಾನೂ ಕಂಡಿತು, ನೆರಳೂ ಕಂಡಿತು. ಎದೆ ಭಾರಕ್ಕೂ ಕಾರಣ ಇದೆ. ಆ ನಿದ್ದೆಯಲ್ಲಿ ಪಕ್ಕೆಲುಬಿನ ಮಧ್ಯದ ಸ್ನಾಯುಗಳೂ ಸಡಿಲವಾಗಿರುತ್ತವೆ, ಹೊಟ್ಟೆ ಮೇಲಿನ ವಪೆಯೇ ಹೆಚ್ಚಾಗಿ ಉಸಿರಾಟ ನಡೆಸುತ್ತದೆ. ಜೋರಾಗಿ ಉಸಿರು ಎಳೆಯಲು ಹೋದರೆ ಎದೆ ಮಾತು ಕೇಳುವುದಿಲ್ಲ. ಯಾರೋ ಕೂತಿದ್ದಾರೆ ಅಂತ ಅನಿಸುತ್ತದೆ. ಉಸಿರು ನಿಂತಿರುವುದಿಲ್ಲ, ಅದನ್ನು ನೆನಪಿಟ್ಟುಕೋ.

ಇದು ನಿನ್ನ ಪಿಜಿ ರೂಮಿನ ಕಥೆ ಆಗಿದ್ದರೆ ಬೇರೆ ದೇಶದಲ್ಲಿ ಆಗಬಾರದಿತ್ತು. ಜಪಾನಿನಲ್ಲಿ ಕನಶಿಬಾರಿ ಅನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದುಕಿ ಬಂದು ಎದೆ ಮೇಲೆ ಕೂರುತ್ತಾಳೆ ಅನ್ನುತ್ತಾರೆ. 1781ರಲ್ಲಿ ಫ್ಯೂಸೆಲಿ ಅನ್ನುವ ಚಿತ್ರಕಾರ ಮಲಗಿರುವ ಹೆಂಗಸಿನ ಎದೆ ಮೇಲೆ ಪಿಶಾಚಿ ಕೂತಿರುವ ಚಿತ್ರ ಬರೆದ. 2011ರಲ್ಲಿ ಆಗಿನವರೆಗಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಸಾಮಾನ್ಯ ಜನರಲ್ಲಿ ಶೇ. 7.6ರಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿತ್ತು. ವಿದ್ಯಾರ್ಥಿಗಳಲ್ಲಿ ಶೇ. 28.3. ನಿದ್ದೆಗೆಟ್ಟು ಓದುವವರಲ್ಲಿ ಜಾಸ್ತಿ ಇದ್ದರೆ ಆಶ್ಚರ್ಯ ಏನು?

ಅಂಗಾತ ಮಲಗಬೇಡ, ಮಗ್ಗುಲಾಗಿ ಮಲಗು. ಮಲಗುವ ಟೈಮ್ ದಿನಾ ಒಂದೇ ಇರಲಿ. ಮತ್ತೆ ಬಂದರೆ ಇಡೀ ಮೈ ಎಬ್ಬಿಸಲು ಒದ್ದಾಡಬೇಡ, ಒಂದು ಕಾಲ್ಬೆರಳನ್ನು ಅಲ್ಲಾಡಿಸಲು ನೋಡು. ಪದೇ ಪದೇ ಆಗುತ್ತಿದ್ದು ಹಗಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸು. ಅಮ್ಮನಿಗೆ ಇದನ್ನು ಹಾಗೇ ಓದಿ ಹೇಳು. ಓದು ಬಿಡಬೇಡ ಕಣಮ್ಮ.

ವಿವಿ_ಮೊಹಲ್ಲಾ (ಮೈಸೂರು)

ಹಾಸ್ಟೆಲ್ ಹುಡುಗರ ಇನ್ನೊಂದು ಆಟ ಇದೆ. ಕತ್ತಲಲ್ಲಿ ಮೇಣದಬತ್ತಿ ಹಚ್ಚಿ ಕನ್ನಡಿ ನೋಡುವುದು, ಆತ್ಮ ಕಾಣುತ್ತದೆ ಅಂತ. ಕಾಣುವುದು ನಿಜ. ಇಟಲಿಯ ಜಿಯೋವಾನಿ ಕಪುಟೋ 2010ರಲ್ಲಿ 50 ಜನರನ್ನು ಮಂದ ಬೆಳಕಿನಲ್ಲಿ 10 ನಿಮಿಷ ಕನ್ನಡಿ ಮುಂದೆ ಕೂರಿಸಿದರು. ಮೂರರಲ್ಲಿ ಎರಡು ಪಾಲು ಜನಕ್ಕೆ ತಮ್ಮ ಮುಖವೇ ವಿಕಾರವಾಗಿ ಕಂಡಿತು. ಸುಮಾರು ಅರ್ಧದಷ್ಟು ಜನಕ್ಕೆ ವಿಚಿತ್ರ ಜೀವಿಗಳು, ರಾಕ್ಷಸ ಮುಖಗಳು ಕಂಡವು. ಒಂದನ್ನೇ ನೆಟ್ಟ ನೋಟದಿಂದ ನೋಡಿದಾಗ ಅಂಚಿನಲ್ಲಿರುವುದು ಮಾಸುತ್ತಾ ಹೋಗುತ್ತದೆ, ಇದನ್ನು ಟ್ರಾಕ್ಸ್‌ಲರ್ ಅನ್ನುವವರು 1804ರಲ್ಲೇ ಬರೆದಿದ್ದಾರೆ. ಮಾಸಿದ ಜಾಗಕ್ಕೆ ಮೆದುಳು ತನಗೆ ತೋಚಿದ ಮುಖ ತುಂಬುತ್ತದೆ. ಮೊದಲೇ ಭಯ, ಗಾಬರಿ ಜಾಸ್ತಿ ಇರುವ ಮಕ್ಕಳ ಮೇಲೆ ಈ ಆಟ ಆಡಿಸಬೇಡಿ. ತಮಾಷೆ ಅಲ್ಲ ಅದು.

ಸೌಂಡ್_ಚೆಕ್ (ಮೈಸೂರು)

ನಾನು ಸೌಂಡ್ ಸಿಸ್ಟಮ್ ಕೆಲಸದವನು. ಇಷ್ಟೆಲ್ಲ ಯಾಕೆ, ಕಾರಣ ಒಂದೇ, ಇನ್‌ಫ್ರಾಸೌಂಡ್, ಅಂದರೆ ಕಿವಿಗೆ ಸಿಗದಷ್ಟು ತಗ್ಗಿನ ಸದ್ದು. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರ್ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಎಲ್ಲರಿಗೂ ಏನೋ ಹೆದರಿಕೆ, ಅವರಿಗೇ ಪಕ್ಕದಲ್ಲಿ ಬೂದು ಬಣ್ಣದ ಆಕೃತಿ ಕಂಡಿತು. ಮಾರನೇ ದಿನ ವೈಸ್‌ಗೆ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿ ನಡುಗುವುದನ್ನು ನೋಡಿ ಹುಡುಕಿದರೆ, ಹೊಸದಾಗಿ ಹಾಕಿದ್ದ ಫ್ಯಾನಿನಿಂದ ಸುಮಾರು 19 ಹರ್ಟ್ಸ್ ಅಲೆ ಬರುತ್ತಿತ್ತು. ಕಿವಿಗೆ ಕೇಳಿಸದು, ಮೈಗೆ ತಟ್ಟುತ್ತದೆ. 1998ರಲ್ಲಿ ಬರೆದರು. ದೆವ್ವದ ಮನೆ ಅಂದರೆ ಮೊದಲು ಎಕ್ಸಾಸ್ಟ್ ಫ್ಯಾನ್ ನೋಡಿ.

ಗಂಗೋತ್ರಿ_ಮೇಷ್ಟ್ರು

ಟ್ಯಾಂಡಿ ಅವರ ಹುಡುಕಾಟ ನನಗೂ ಇಷ್ಟ. ಹೆದರಿ ಓಡದೆ ಕತ್ತಿ ಯಾಕೆ ನಡುಗುತ್ತಿದೆ ಅಂತ ಹುಡುಕಿದರಲ್ಲ, ಆ ಗುಣ ದೊಡ್ಡದು. ಆದರೆ ಕಾರಣ ಒಂದೇ ಅನ್ನಬೇಡಿ. ಲಂಡನ್ನಿನಲ್ಲಿ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಒಂದು ಕೋಣೆ ಕಟ್ಟಿ, ಇನ್‌ಫ್ರಾಸೌಂಡ್, ಅಯಸ್ಕಾಂತ ಕ್ಷೇತ್ರ ಎಲ್ಲ ಹಾಯಿಸಿ 79 ಜನರನ್ನು ಓಡಾಡಿಸಿದರು. 2009ರಲ್ಲಿ ಪ್ರಕಟವಾಯಿತು. ತುಂಬಾ ಜನಕ್ಕೆ ವಿಚಿತ್ರ ಅನುಭವ ಆಯಿತು, ಯಾರೋ ಇದ್ದಾರೆ ಅಂತ ಕೂಡ ಅನಿಸಿತು. ಆದರೆ ಅಲೆ ಇದ್ದಾಗಲೂ ಇಲ್ಲದಾಗಲೂ ಅನುಭವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಏನಾದರೂ ಆಗಬಹುದು ಅಂತ ಮೊದಲೇ ಹೇಳಿದ್ದರು, ಅದೇ ಕೆಲಸ ಮಾಡಿದ್ದಿರಬಹುದು ಅನ್ನುವುದು ಅವರ ಮಾತು.

ಹಳೇ ಬಂಗಲೆಗೆ ಹೋಗುವ ಮೊದಲೇ "ಅಲ್ಲಿ ಗೆಜ್ಜೆ ಸದ್ದು ಕೇಳುತ್ತದೆ" ಅಂತ ಹೇಳಿ ಕಳಿಸಿದರೆ ಕಿವಿ ಗೆಜ್ಜೆಯನ್ನೇ ಹುಡುಕುತ್ತದೆ. ಆಮೇಲೆ ಸೂರಿನಲ್ಲಿ ಗೂಡು ಮಾಡಿದ ಬಿಳಿ ಗೂಬೆ ಒಮ್ಮೆ ಕಿರುಚಿ ಸದ್ದಿಲ್ಲದೆ ತಲೆ ಮೇಲೆ ಹಾರಿಹೋದರೆ ಮುಗೀತು. ಆ ಗೂಬೆಯ ಮುಖ ನೋಡಿದ್ದೀರಾ, ಬೆಳ್ಳಗೆ, ಅಗಲಕ್ಕೆ. ರೆಕ್ಕೆ ಬಡಿತ ಕೇಳಿಸುವುದೇ ಇಲ್ಲ.

ಗೀಸರ್_ರಿಪೇರಿ (ಮಂಡ್ಯ)

ಒಂದು ವಿಷಯ ದಯವಿಟ್ಟು ಎಲ್ಲರೂ ಓದಿ. ಬಚ್ಚಲು ಮನೆಗೆ ಹೋದರೆ ತಲೆ ಸುತ್ತುತ್ತದೆ, ಎದೆ ಹಿಡಿದ ಹಾಗೆ ಆಗುತ್ತದೆ, ಏನೋ ಕೇಳಿಸಿತು ಅಂತ ಹೇಳುವ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ತಕ್ಷಣ ಬಂದ್ ಮಾಡಿ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಜನ ಸತ್ತಿದ್ದಾರೆ. ಬಾಣಂತಿ ಕೋಣೆಯಲ್ಲಿ ಕಿಟಕಿ ಬಾಗಿಲು ಹಾಕಿ ಕೆಂಡ ಇಡುವುದೂ ಅಷ್ಟೇ ಅಪಾಯ. 1921ರಲ್ಲೇ ಅಮೆರಿಕದ ಕಣ್ಣಿನ ಡಾಕ್ಟರ್ ವಿಲಿಯಂ ವಿಲ್ಮರ್ ಒಂದು ಸಂಸಾರದ ಬಗ್ಗೆ ಬರೆದಿದ್ದಾರೆ. ಮನೆಯಲ್ಲಿ ಹೆಜ್ಜೆ ಸದ್ದು, ಯಾರೋ ಬಂದು ನಿಂತ ಹಾಗೆ, ಮಕ್ಕಳು ಸೊರಗಿದ್ದರು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡುವ ಒಲೆ ಕೆಟ್ಟು ಹೊಗೆ ಒಳಗೇ ಬರುತ್ತಿತ್ತು. ಅದನ್ನು ರಿಪೇರಿ ಮಾಡಿಸಿದ ಮೇಲೆ ಎಲ್ಲಾ ನಿಂತಿತು. ತಡೆ ಒಡೆಸುವ ಮೊದಲು ಕಿಟಕಿ ತೆಗೆಯಿರಿ.

ನೈಟ್_ಡ್ಯೂಟಿ_ಸಿಸ್ಟರ್

ಗೀಸರ್ ಅಣ್ಣ ಹೇಳಿದ್ದಕ್ಕೆ ನೂರು ನಮಸ್ಕಾರ.

ನಾನು ವಯಸ್ಸಾದವರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು. ಸಂಜೆ ಜಗಲಿ ಮೇಲೆ ಕೂತು ಅಕ್ಕಿ ಆರಿಸುವ ಅಭ್ಯಾಸ, ಕಣ್ಣು ಕಾಣದಿದ್ದರೂ ಬೆರಳಲ್ಲೇ ಕಲ್ಲು ಹುಡುಕುತ್ತಿದ್ದರು. ಒಂದು ದಿನ ಮೊರ ಪಕ್ಕಕ್ಕೆ ಇಟ್ಟು, "ಅಂಗಳದಲ್ಲಿ ಆ ಚಿಕ್ಕ ಮಕ್ಕಳು ಯಾರೇ? ಹಸಿರು ಲಂಗ ಹಾಕಿದ್ದಾವೆ, ಒಂದೂ ಮಾತಾಡಲ್ವಲ್ಲ" ಅಂದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಅಜ್ಜಿ ಹೆದರಿರಲಿಲ್ಲ. ಅವು ನಿಜವಾದ ಮಕ್ಕಳಲ್ಲ ಅಂತ ಅವರಿಗೂ ಗೊತ್ತಿತ್ತು. ಹೆದರಿದ್ದು ಮನೆಯವರು. ಅಂತ್ಯಕಾಲ ಬಂತು ಅಂದರು ಒಬ್ಬರು, ಗಾಳಿ ಸೋಕಿದೆ ಅಂದರು ಇನ್ನೊಬ್ಬರು.

ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಬೊನೆ 1760ರಲ್ಲಿ ತಮ್ಮ ತಾತನ ಬಗ್ಗೆ ಬರೆದರು. ಅವರಿಗೂ ಪೊರೆ, ಅವರಿಗೂ ಜನ, ಹಕ್ಕಿ, ಗಾಡಿ, ಕಟ್ಟಡ ಎಲ್ಲ ಕಾಣುತ್ತಿತ್ತು, ಬುದ್ಧಿ ಮಾತ್ರ ಚುರುಕಾಗೇ ಇತ್ತು. ಕಣ್ಣಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳಿನ ನೋಟದ ಭಾಗ ಸುಮ್ನೆ ಕೂರುವುದಿಲ್ಲ, ತಾನೇ ಚಿತ್ರ ಮೂಡಿಸುತ್ತದೆ. ಹುಚ್ಚು ಅಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಎಷ್ಟೋ ಅಜ್ಜ ಅಜ್ಜಿಯರು ಹುಚ್ಚು ಅಂದುಬಿಡುತ್ತಾರೆ ಅಂತ ಹೇಳಿಕೊಳ್ಳುವುದೇ ಇಲ್ಲ. ಬೈಯಬೇಡಿ, ಕೂತು ಕೇಳಿ, ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊರೆ ಆಗಿದ್ದರೆ ಆಪರೇಷನ್ ಇದೆಯಲ್ಲ.

ಒಂಟಿಕೊಪ್ಪಲು_ಅಮ್ಮ (ಮೈಸೂರು)

ನೀವೆಲ್ಲ ವಿದ್ಯಾವಂತರು, ಚೆನ್ನಾಗಿ ಬರೆಯುತ್ತಿದ್ದೀರಿ. ನನ್ನದೂ ಕೇಳಿ. ನಮ್ಮ ಯಜಮಾನರು ಹೋದ ಮೇಲೆ ಸಂಜೆ ಆರಕ್ಕೆ ಗೇಟಿನ ಚಿಲಕ ತೆಗೆದ ಸದ್ದು ಕೇಳುತ್ತದೆ. ಅವರು ಚಿಲಕವನ್ನು ಎರಡು ಸಲ ಬಡಿದು ತೆಗೆಯುತ್ತಿದ್ದರು, ತುಕ್ಕು ಹಿಡಿದಿತ್ತು. ಆ ಎರಡು ಬಡಿತವೇ ಕೇಳುತ್ತದೆ. ಕೆಲವು ಸಲ ಅವರ ನಶ್ಯದ ವಾಸನೆ ಬರುತ್ತದೆ. ನನಗೆ ಭಯ ಇಲ್ಲ. ಸಮಾಧಾನ ಆಗುತ್ತದೆ. ಮಗನಿಗೆ ಹೇಳಿದರೆ ಡಾಕ್ಟರ್ ಹತ್ತಿರ ಹೋಗೋಣ ಅನ್ನುತ್ತಾನೆ. ಇದನ್ನೂ ಭ್ರಮೆ ಅಂತ ಬರೆದುಬಿಡುತ್ತೀರಾ?

ಗಂಗೋತ್ರಿ_ಮೇಷ್ಟ್ರು

ಅಮ್ಮಾ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

1971ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಡೆವಿ ರೀಸ್ ಅನ್ನುವ ಡಾಕ್ಟರ್, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ ಬರೆದರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಹೋದವರು ಪಕ್ಕದಲ್ಲೇ ಇದ್ದ ಹಾಗೆ ಅನಿಸಿತ್ತು, ಕೆಲವರಿಗೆ ಕಂಡಿದ್ದರು, ಕೆಲವರಿಗೆ ಧ್ವನಿ ಕೇಳಿತ್ತು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ತುಂಬಾ ಜನಕ್ಕೆ ಅದರಿಂದ ಧೈರ್ಯ ಬಂದಿತ್ತು. ಇದು ಕಾಯಿಲೆ ಅಲ್ಲ ಅಂತಲೇ ಅವರು ಬರೆದರು. ಎಷ್ಟೋ ವರ್ಷ ಸಂಜೆ ಆರಕ್ಕೆ ಆ ಸದ್ದಿಗೆ ಕಾದ ಕಿವಿ ನಿಮ್ಮದು. ಆರಾದಾಗ ಮೆದುಳು ಆ ಸದ್ದನ್ನು ತಾನೇ ತುಂಬಿಕೊಳ್ಳುತ್ತದೆ. ನನಗೆ ಗೊತ್ತಿರುವ ವಿವರಣೆ ಇಷ್ಟು. ಅದನ್ನು ಕೇಳಿ ನಿಮ್ಮ ಸಮಾಧಾನ ಬಿಡಬೇಕಾಗಿಲ್ಲ. ಊಟ ನಿದ್ದೆ ಚೆನ್ನಾಗಿದ್ದರೆ, ಆ ಸದ್ದು ನಿಮ್ಮನ್ನು ಹೆದರಿಸದೆ ಇದ್ದರೆ, ಮಗನಿಗೆ ಈ ಉತ್ತರ ತೋರಿಸಿ.

ಒಂಟಿಕೊಪ್ಪಲು_ಅಮ್ಮ

ಅರ್ಧದಷ್ಟು ಜನಕ್ಕೆ ಆಗುತ್ತದೆ ಅಂದಿರಿ. ಅದು ಸಾಕು ನನಗೆ. ಊಟ ನಿದ್ದೆ ಚೆನ್ನಾಗಿದೆ.

ನೈಟ್_ಗಾಡಿ (ಪಾಂಡವಪುರ)

ರಾತ್ರಿ ಗಾಡಿ ಓಡಿಸುವವನು ನಾನು. ಬಿಳಿ ಸೀರೆ ಹೆಂಗಸು ಅಡ್ಡ ಬಂದಳು ಅಂತ ಹೇಳುವ ಡ್ರೈವರ್‌ಗಳು ಸುಮಾರು ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹಗಲೂ ಓಡಿಸಿ ರಾತ್ರಿನೂ ಓಡಿಸಿದವರು. ಕಣ್ಣು ಬಿಟ್ಟುಕೊಂಡೇ ಕೆಲವು ಸೆಕೆಂಡ್ ನಿದ್ದೆಗೆ ಜಾರುವುದು ಇದೆ. ಎಂಬತ್ತರ ಸ್ಪೀಡಿನಲ್ಲಿ ಮೂರು ಸೆಕೆಂಡ್ ಅಂದರೆ ಗಾಡಿ 65 ಮೀಟರ್‌ಗಿಂತ ಜಾಸ್ತಿ ಹೋಗಿರುತ್ತದೆ. ಆ ಸೆಕೆಂಡುಗಳಲ್ಲಿ ಕನಸು ರಸ್ತೆ ಮೇಲೆ ನಡೆದು ಬರುತ್ತದೆ. ನಿಂಬೆಹಣ್ಣು ಕಟ್ಟಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿ.

ನನಗೆ ಸಿಟ್ಟು ಬರುವುದು ಬೇರೆ ಮಾತಿಗೆ. 2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮಕ್ಕಳೂ ಇದ್ದರು. ಅದು ಮಧ್ಯಾಹ್ನದ ಹೊತ್ತು. ನಾಲೆ ಪಕ್ಕದ ಎಲ್ಲೇ ಅಪಘಾತ ಆದರೂ ಸ್ವಲ್ಪ ದಿನಕ್ಕೆ "ಆ ಜಾಗ ಸರಿ ಇಲ್ಲ, ಬಲಿ ಕೇಳುತ್ತದೆ" ಅಂತ ಮಾತು ಹುಟ್ಟುತ್ತದೆ. ಜಾಗಕ್ಕೆ ಬೇಕಾಗಿರುವುದು ತಡೆಗೋಡೆ. ತಿರುವಿನಲ್ಲಿ ಲೈಟು, ಕಾಣುವ ಬೋರ್ಡು. ದೆವ್ವದ ಮೇಲೆ ಹಾಕಿಬಿಟ್ಟರೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ.

ಕೆರೆಕೋಡಿ

ಡ್ರೈವರಣ್ಣ, ತಡೆಗೋಡೆ ಮಾತು ನೂರಕ್ಕೆ ನೂರು ಸರಿ.

ಆದರೆ ಬೋರ್‌ವೆಲ್ ಪಾಯಿಂಟ್ ವಿಷಯ ಏನು ಹೇಳುತ್ತೀರಿ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ, ನೀರಿರುವ ಕಡೆ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದೆ. ನಮ್ಮ ತೋಟದಲ್ಲೇ ತೋರಿಸಿದ ಜಾಗದಲ್ಲಿ ನೀರು ಬಿತ್ತು.

ಗಂಗೋತ್ರಿ_ಮೇಷ್ಟ್ರು

ಕಾಯಿ ಏಳುವುದು ನಿಜ, ಏಳಿಸುವುದು ಕೈ. ಹಿಡಿದವರಿಗೇ ಗೊತ್ತಾಗದ ಹಾಗೆ ಕೈ ಸ್ನಾಯು ಅಲ್ಲಾಡುತ್ತದೆ. 1853ರಲ್ಲಿ ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಫ್ಯಾರಡೆಯೇ, ಆತ್ಮಗಳು ಟೇಬಲ್ ತಿರುಗಿಸುತ್ತವೆ ಅನ್ನುವುದನ್ನು ಪರೀಕ್ಷಿಸಿದರು. ಕೈಗೂ ಟೇಬಲ್ಲಿಗೂ ಮಧ್ಯೆ ಜಾರುವ ಹಲಗೆಗಳನ್ನು ಇಟ್ಟರು. ಮೊದಲು ಜರುಗಿದ್ದು ಮೇಲಿನ ಹಲಗೆ, ಅಂದರೆ ಕೈ ತಳ್ಳಿದ್ದು. ಕೂತಿದ್ದವರು ತಾವು ತಳ್ಳುತ್ತಿಲ್ಲ ಅಂತ ಪ್ರಾಮಾಣಿಕವಾಗಿ ನಂಬಿದ್ದರು. 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನೆಲದಡಿ ಪೈಪ್ ಹೂತು, ನೀರು ಹರಿಯುತ್ತಿದೆಯಾ ಇಲ್ಲವಾ ಹೇಳಿ ಅಂತ 30 ಜನ ನೀರು ನೋಡುವವರನ್ನು ಕೇಳಿದಾಗ, ಸುಮ್ನೆ ಊಹಿಸಿದರೆ ಎಷ್ಟು ಸರಿ ಬರುತ್ತದೋ ಅಷ್ಟೇ ಬಂತು.

ನಿಮ್ಮ ತೋಟ ನಾಲೆ ಅಚ್ಚುಕಟ್ಟಿನಲ್ಲಿದ್ದರೆ ಇನ್ನೊಂದು ಮಾತು. ವರ್ಷಗಟ್ಟಲೆ ಗದ್ದೆಗೆ ನೀರು ನಿಲ್ಲಿಸಿದ ನೆಲ ಅದು. ಕಾಯಿ ಏಳದ ಜಾಗದಲ್ಲಿ ಕೊರೆದು ಯಾರೂ ನೋಡಿಲ್ಲವಲ್ಲ.

ಆಲೆಮನೆ

ನಾನು ಶುರು ಮಾಡಿದ್ದರಿಂದ ಒಂದು ಮಾತು. ಭ್ರಮೆ ಅಂತ ಎಲ್ಲವನ್ನೂ ತಳ್ಳುವುದೂ ಅಪಾಯ ಅಂತ ಈಗ ಅನಿಸುತ್ತಿದೆ. ನಮ್ಮ ಸಂಬಂಧದವರ ಮನೆಯಲ್ಲಿ ಹೆರಿಗೆ ಆಗಿ ಎರಡು ವಾರವೂ ಆಗಿರಲಿಲ್ಲ. ಹುಡುಗಿ ನಿದ್ದೆ ಬಿಟ್ಟಳು, ಮಗುವನ್ನು ಯಾರೋ ಬದಲಾಯಿಸಿದ್ದಾರೆ ಅಂದಳು, ಗೋಡೆ ಜೊತೆ ಮಾತಾಡಿದಳು. ಗಾಳಿ ಅಂತ ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಇದು ಕಣ್ಣಿನ ಮೋಸದ ಲೆಕ್ಕಕ್ಕೆ ಬರುತ್ತಾ?

ನೈಟ್_ಡ್ಯೂಟಿ_ಸಿಸ್ಟರ್

ಬರುವುದಿಲ್ಲ. ಅದು ಬಾಣಂತಿ ಸನ್ನಿ, ಕಾಯಿಲೆ. ಸಾವಿರ ಹೆರಿಗೆಗೆ ಒಂದೆರಡು ಆಗುತ್ತದೆ. ಒಂದು ದಿನವೂ ಕಾಯಬಾರದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಆಸ್ಪತ್ರೆಗೆ ಸೇರಿಸಿದರೆ ಹೆಚ್ಚಿನವರು ಪೂರ್ತಿ ಗುಣ ಆಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ ಇದೆ. ದೂರ ಆದರೆ ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಮೊದಲು ಓಡಿ. ಏನು ಮಾಡಬೇಕು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಬೇವಿನ ಸೊಪ್ಪಿನಲ್ಲಿ ಹೊಡೆಸಿದ್ದು ಓದಿ ಹೊಟ್ಟೆ ಉರಿಯಿತು. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದು ಕರ್ನಾಟಕದ 2017ರ ಮೌಢ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಈಗ ಹೇಗಿದ್ದಾಳೆ?

ಆಲೆಮನೆ

ಆಸ್ಪತ್ರೆಗೆ ಸೇರಿಸಿ ಗುಣ ಆದಳು ಅಕ್ಕ. ಮಗುನೂ ಚೆನ್ನಾಗಿದೆ. ನಂಬರ್ ಬರೆದುಕೊಂಡೆ, ಆಶಾ ಕಾರ್ಯಕರ್ತೆಯವರಿಗೂ ಕೊಡುತ್ತೇನೆ.

ಕೆರೆಕೋಡಿ

ಕೊನೆಯದಾಗಿ ನನ್ನದು. ನಮ್ಮ ಅವ್ವನಿಗೆ ಬೆಳಗಿನ ಜಾವ ಕನಸು ಬಿತ್ತು, ಅವಳ ತಮ್ಮ ಒದ್ದೆ ಬಟ್ಟೆಯಲ್ಲಿ ಬಾಗಿಲಲ್ಲಿ ನಿಂತ ಹಾಗೆ. ಬೆಳಿಗ್ಗೆ ಸುದ್ದಿ ಬಂತು, ಹೊಳೆಯಲ್ಲಿ ಹೋಗಿಬಿಟ್ಟ ಅಂತ. ಕಣ್ಣಿನ ಭ್ರಮೆ, ಕಿವಿಯ ಭ್ರಮೆ ಇದಕ್ಕೆ ಹೊಂದುವುದಿಲ್ಲ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಗಂಗೋತ್ರಿ_ಮೇಷ್ಟ್ರು

ಹೊಂದುವುದಿಲ್ಲ, ಒಪ್ಪುತ್ತೇನೆ. ಇದು ನೋಟದ ಪ್ರಶ್ನೆ ಅಲ್ಲ, ನೆನಪು ಮತ್ತು ಲೆಕ್ಕದ ಪ್ರಶ್ನೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ಒಬ್ಬೊಬ್ಬರಿಗೆ ರಾತ್ರಿಗೆ ನಾಲ್ಕೈದು ಸಲ ಕನಸಿನ ನಿದ್ದೆ ಬರುತ್ತದೆ. ತಮ್ಮನೋ ಮಗನೋ ಆಪತ್ತಿನಲ್ಲಿರುವ ಕನಸು ತಾಯಂದಿರಿಗೆ ಎಷ್ಟು ಸಲ ಬಿದ್ದು, ಬೆಳಿಗ್ಗೆ ಏನೂ ಆಗದೆ ಮರೆತುಹೋಗಿರುತ್ತದೆ? ಹೊಂದಿದ ಒಂದು ಕನಸು ಜೀವನವಿಡೀ ಉಳಿಯುತ್ತದೆ. ಸಾವಿನ ಸುದ್ದಿ ಬಂದ ಮೇಲೆ ಕನಸಿನ ಬಟ್ಟೆ ಒದ್ದೆಯಾಗುವುದೂ ಇದೆ. ನಿಮ್ಮ ತಾಯಿ ಸೇರಿಸಿ ಹೇಳಿದರು ಅಂತ ನಾನು ಅನ್ನುತ್ತಿಲ್ಲ. ಎಲ್ಲರ ನೆನಪೂ ಹೀಗೇ ಕೆಲಸ ಮಾಡುತ್ತದೆ.

ನೀವು ಒಪ್ಪಲೇಬೇಕು ಅಂತ ಇಲ್ಲ ಕೆರೆಕೋಡಿ ಅವರೇ. ತಾಯಿಯವರ ಎದುರು ಈ ಲೆಕ್ಕ ಹೇಳಲೂ ಬೇಡಿ. ಮುಂದೆ ಯಾರಿಗಾದರೂ ಇಂಥ ಕನಸು ಬಿದ್ದರೆ, ಎದ್ದ ತಕ್ಷಣ, ಯಾವ ಫೋನೂ ಬರುವ ಮೊದಲು, ತಾರೀಕು ಹಾಕಿ ಕಂಡದ್ದನ್ನು ಬರೆದಿಡಲು ಹೇಳಿ. ನಿಜ ಆಗದ ಕನಸನ್ನೂ ಹರಿದು ಹಾಕದೆ ಇಟ್ಟುಕೊಳ್ಳಬೇಕು.

ಕೆರೆಕೋಡಿ

ಅವ್ವನ ಎದುರು ಹೇಳುವುದಿಲ್ಲ. ನಾನಂತೂ ಇನ್ನೂ ಒಪ್ಪಿಲ್ಲ ಮೇಷ್ಟ್ರೇ. ಬರೆದಿಡುವ ಮಾತು ಮಾತ್ರ ನ್ಯಾಯವಾಗಿದೆ, ಮನೆಯಲ್ಲಿ ಹೇಳುತ್ತೇನೆ.